ಮಾಡದ ಕದ ಹೊತ್ತು ಕಿನ್ನಾಳಕ್ಕೆ

ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಮಾಡ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆಯನ್ನು ಏರಿಸುವಾಗಲೇ ಅಲ್ಲಲ್ಲಿ ಬಿಟ್ಟ ಗೂಡುಗಳವು. ಪಡಸಾಲೆಯ ಮಾಡದಲ್ಲಿ ದೀಪ, ಅಡಿಗೆಮನೆಯ ಮಾಡದಲ್ಲಿ ತುಪ್ಪದ ಗಡಿಗೆ, ಹೆಣ್ಣುಮಕ್ಕಳ ಕೋಣೆಯ ಮಾಡದಲ್ಲಿ ಬಳೆ, ಕನ್ನಡಿ, ಕಾಡಿಗೆ. ಅಂಥ ಮಾಡಕ್ಕೊಂದು ಚೌಕಟ್ಟು ಕೂಡಿಸಿ ಎರಡು ಕದ ಹಚ್ಚಿದರೆ ಅದೇ ಕಪಾಟು. ಮನೆಯೊಡನೆ ಹುಟ್ಟಿ ಮನೆಯೊಡನೆಯೇ ಹೋಗುವ ಕಪಾಟು. ಇಂದು ಪಟ್ಟಣಗಳಲ್ಲಿ ಸಾವಿರಾರು ರೂಪಾಯಿ ಸುರಿದು ಗೋಡೆಯೊಳಗೆ ಕೂಡಿಸುವ ಕಪಾಟುಗಳನ್ನು ನಮ್ಮ ಹಿರಿಯರು ಖರ್ಚಿಲ್ಲದೆ ಗೋಡೆಯಿಂದಲೇ ಪಡೆದಿದ್ದರು.

ನಮ್ಮ ಹಳ್ಳಿಯ ಮನೆಯ ಪೂಜೆಯ ಕೋಣೆಯಲ್ಲಿಯೂ ಅಂಥದೊಂದು ಮಾಡವಿತ್ತು. ಅಂಗೈಯಲ್ಲಿಯೇ ಇಷ್ಟಲಿಂಗವನ್ನಿರಿಸಿ ಪೂಜಿಸುವವರಿಗೆ ಗೋಡೆಯ ಗೂಡೇಕೆ ಎಂದು ಓದುಗರು ಕೇಳಬಹುದು. ಅದರಲ್ಲಿ ಮೂರ್ತಿಯಿರಲಿಲ್ಲ. ವಿಭೂತಿಯ ಗಟ್ಟಿಗಳು, ಹಿತ್ತಾಳೆಯ ಸಮೆ, ಮಡಿಯ ವಸ್ತ್ರ, ಅಜ್ಜನವರು ಓದುತ್ತಿದ್ದ ಹಳಕಟ್ಟಿಯವರ ವಚನಶಾಸ್ತ್ರಸಾರ ಇವಿಷ್ಟೇ ಅದರ ಆಸ್ತಿ. ಆದರೆ ಅದರ ಕದಗಳು ಮಾತ್ರ ಮನೆಗೆ ಬಂದವರ ಕಣ್ಣು ಸೆಳೆಯುವಂತಿದ್ದವು. ತೇಗಿನ ಎರಡು ಕದ. ಒಂದೊಂದರ ಮೇಲೂ ಒಂದೊಂದು ಗಿಳಿ, ಸುತ್ತ ಬಳ್ಳಿ. ಬಣ್ಣ ಬಳಿದ ಬರಿಯ ಚಿತ್ರವಲ್ಲ ಅದು. ಗಿಳಿಯ ರೆಕ್ಕೆ, ಬಳ್ಳಿಯ ಸುರುಳಿ, ಹೂವಿನ ಅಂಚು ಎಲ್ಲವೂ ಮರದ ಮೈಮೇಲೆ ಜೋಳದ ಕಾಳಿನಷ್ಟು ಉಬ್ಬಿ ನಿಂತಿದ್ದವು. ಅಜ್ಜನವರು ಅದನ್ನು ಕಿನ್ನಾಳದವರ ಕೈಯಿಂದ ಮಾಡಿಸಿದ್ದರೆಂದು ಮನೆಯಲ್ಲಿ ಮಾತಿತ್ತು.

2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆ ಉಕ್ಕಿ ಬಂದಳು. ನವಿಲುತೀರ್ಥದ ಅಣೆಕಟ್ಟೆ ತುಂಬಿ ನೀರು ಬಿಡಬೇಕಾಯಿತು. ದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಒಂದೊಂದಾಗಿ ಕುಸಿದವು. ನಮ್ಮದೂ ಕುಸಿಯಿತು. ನೀರು ಇಳಿದ ಮೇಲೆ ನಾವು ಹೋಗಿ ನೋಡಿದಾಗ ಜಂತೆಗಳ ಕೆಳಗೆ ಕೆಸರಿನಲ್ಲಿ ಚೌಕಟ್ಟಿನ ಸಮೇತ ಆ ಎರಡು ಕದಗಳು ಸಿಕ್ಕವು. ಪುಸ್ತಕ ಮುದ್ದೆಯಾಗಿತ್ತು. ಅದಾಗಲೇ ಧಾರವಾಡದಲ್ಲಿ ನಮ್ಮೊಡನಿದ್ದ ತಾಯಿಯವರು ಮನೆ ಹೋಯಿತೆಂದು ಕೇಳಿ ಅಳಲಿಲ್ಲ. "ಮಾಡದ ಕದಾ ಬಂದ್ವೇನು?" ಎಂದಷ್ಟೇ ಕೇಳಿದರು.

ಇಲ್ಲಿ ಒಂದು ಸಂಗತಿಯನ್ನು ತಿಳಿಸಬೇಕು. ತಾಯಿಯವರಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿ ಬಹಳ ವರ್ಷಗಳಾಗಿದ್ದವು. ಹಳ್ಳಿಯ ಮನೆಯಲ್ಲಿದ್ದಷ್ಟು ಕಾಲ ಅವರು ಗೋಡೆಗುಂಟ ಕೈಯಾಡಿಸುತ್ತ ಬಂದು, ಉಬ್ಬಿದ ಗಿಳಿ ಬೆರಳಿಗೆ ತಾಗಿದೊಡನೆ ನಿಂತು, ಕದ ತೆರೆದು ವಿಭೂತಿ ತೆಗೆದುಕೊಳ್ಳುತ್ತಿದ್ದರು. ನಮಗೆ ಅದು ಚಿತ್ರವಾಗಿತ್ತು, ಅವರಿಗೆ ದಾರಿಯಾಗಿತ್ತು. ಧಾರವಾಡದ ಮನೆಯಲ್ಲಿ ಗೋಡೆಗಳೆಲ್ಲ ನುಣುಪು. ಪೂಜೆಯ ಸಾಮಾನಿಗಾಗಿ ಅವರು ಯಾರನ್ನಾದರೂ ಕರೆಯಬೇಕಾಗುತ್ತಿತ್ತು. ಕರೆಯುವುದು ಅವರಿಗೆ ಒಗ್ಗದು.

ಆ ಕದಗಳನ್ನು ಧಾರವಾಡದ ಮನೆಗೆ ಕೂಡಿಸಬೇಕೆಂದರೆ ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಯಲ್ಲಿ ಮಾಡವೆಲ್ಲಿಂದ ತರುವುದು? ಪೂಜೆಯ ಕೋಣೆಯಲ್ಲಿ ಎರಡು ಕಂಬಗಳ ನಡುವೆ ಒಳಗೆ ಸರಿದ ನಾಲ್ಕು ಅಡಿ ಅಗಲದ ಜಾಗವೊಂದಿತ್ತು. ನೆಲದಿಂದ ಛಾವಣಿಯವರೆಗೆ ಅಲ್ಲಿ ಕಪಾಟು ಕಟ್ಟಿ, ಹಳೆಯ ಕದಗಳ ಅಳತೆಗೆ ತಕ್ಕಂತೆ ನಡುವೆ ಒಂದು ಮಾಡವನ್ನು ಬಿಡುವುದೆಂದು ನಿಶ್ಚಯಿಸಿದೆವು. ಬಡಗಿಯೊಬ್ಬರು ಬಂದು ಅಳೆದುಕೊಂಡು ಹೋದರು. ಅಷ್ಟರಲ್ಲಿ 2020ರ ಮಾರ್ಚಿನ ಲಾಕ್‌ಡೌನ್ ಬಂದಿತು. ಬಡಗಿ ತಮ್ಮ ಊರಿಗೆ ಹೋದವರು ಮರಳಲಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಮಗ ಮನೆಗೆ ಬಂದು ಕುಳಿತನು. ಅಂಗಡಿಗಳು ತೆರೆದೊಡನೆ ಹುಬ್ಬಳ್ಳಿಗೆ ಹೋಗಿ ಪ್ಲೈವುಡ್ಡಿನ ಹಾಳೆಗಳನ್ನೂ ನಾಲ್ಕು ಯಂತ್ರಗಳನ್ನೂ ತಂದು "ನಾನೇ ಕಟ್ಟತೇನಿ" ಎಂದನು.

ಇಂಜಿನಿಯರ್ ಓದಿದವನು ಬಡಗಿತನ ಮಾಡುವುದೇ ಎಂದು ಬಂಧುಗಳೊಬ್ಬರು ಫೋನಿನಲ್ಲಿ ನಕ್ಕರು. ಬಾಚಿಕಾಯಕದ ಬಸವಣ್ಣನವರ ವಚನಗಳನ್ನು ಓದುವ ಸಮಾಜದಲ್ಲಿ ಬಾಚಿ ಹಿಡಿದವನನ್ನು ಕಂಡು ನಗುವವರು ಇನ್ನೂ ಇರುವುದು ನಮಗೆ ನಗೆ ತರಿಸಲಿಲ್ಲ.

ವಿದ್ಯುತ್ ಗರಗಸ, ಡ್ರಿಲ್, ಗಾಡಿ ಕೊರೆಯುವ ರೌಟರ್, ಮರಳು ಕಾಗದವನ್ನು ತಿರುಗಿಸುತ್ತ ಉಜ್ಜುವ ಸ್ಯಾಂಡರ್ ಈ ನಾಲ್ಕೇ ಯಂತ್ರಗಳು. ತಾಯಿಯವರ ಪೂಜೆ ಮುಗಿಯುವವರೆಗೆ ಸದ್ದಿಲ್ಲ, ಮಧ್ಯಾಹ್ನ ನೆರೆಯವರ ನಿದ್ದೆಯ ಹೊತ್ತಿನಲ್ಲಿ ಸದ್ದಿಲ್ಲ ಎಂದು ಕಟ್ಟು ಮಾಡಿದೆವು. ಧೂಳಿಗೆ ಮುಖಗವಸು ಬೇಕು. ಆ ವರ್ಷ ಮನೆಯಲ್ಲಿ ಅದಕ್ಕೇನೂ ಬರವಿರಲಿಲ್ಲ. ಮೊದಲ ಹಾಳೆ ಕೊಯ್ದಾಗ ಅಂಚೆಲ್ಲ ಚಕ್ಕೆಯೆದ್ದು ಕೆಟ್ಟಿತು. ಈ ಗರಗಸದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಆದುದರಿಂದ ಹಾಳೆಯ ಅಂದವಾದ ಮೈಯನ್ನು ಕೆಳಗೆ ಮಾಡಿ ಮಲಗಿಸಬೇಕು, ಕೊಯ್ಯುವ ಗೆರೆಯ ಮೇಲೆ ಕಾಗದದ ಅಂಟುಪಟ್ಟಿ ಹಚ್ಚಬೇಕು. ಎರಡನೆಯ ಹಾಳೆಗೆ ಈ ಬುದ್ಧಿ ಬಂದಿತು.

ಗೋಡೆಯೊಳಗಿನ ಕಪಾಟು ಕಟ್ಟುವವರಿಗೆ ಮರಕ್ಕಿಂತ ಗೋಡೆಯೇ ದೊಡ್ಡ ಗುರು. ತೂಗುಗುಂಡು ಬಿಟ್ಟು ನೋಡಿದರೆ ನಮ್ಮ ನೇರವಾದ ಗೋಡೆ ನೇರವಿರಲಿಲ್ಲ. ಕೆಳಗೆ ನಾಲ್ಕು ಅಡಿಯಿದ್ದ ಜಾಗ ಮೇಲೆ ಅರ್ಧ ಅಂಗುಲ ಕಿರಿದಾಗಿತ್ತು. ಗೋಡೆಯ ಅಳತೆಗೆ ಸರಿಯಾಗಿ ಪೆಟ್ಟಿಗೆ ಮಾಡಿದರೆ ಅದು ಒಳಗೆ ಹೋಗದು, ಹೋದರೂ ಕದಗಳು ಸೊಟ್ಟಾಗುವವು. ಪೆಟ್ಟಿಗೆಯನ್ನು ಎರಡೂ ಕಡೆ ಒಂದೊಂದು ಅಂಗುಲ ಕಡಿಮೆ ಮಾಡಿ, ರಸಮಟ್ಟ ಹಿಡಿದು ನಿಲ್ಲಿಸಿ, ಉಳಿದ ಸಂದಿಗೆ ಮರದ ಪಟ್ಟಿಯನ್ನು ಕೂಡಿಸಬೇಕು. ಚಿಕ್ಕ ಮರದ ತುಂಡಿಗೆ ಪೆನ್ಸಿಲ್ ಆನಿಸಿ ಗೋಡೆಗುಂಟ ಎಳೆಯುತ್ತ ಹೋದರೆ ಗೋಡೆಯ ಡೊಂಕು ಪಟ್ಟಿಯ ಮೇಲೆ ತಾನಾಗಿ ಮೂಡುತ್ತದೆ. ಆ ಗೆರೆಗೆ ಸರಿಯಾಗಿ ಕೊಯ್ದ ಪಟ್ಟಿ ಗೋಡೆಗೆ ಅಂಟಿಕೊಂಡಂತೆ ಕೂಡುತ್ತದೆ. ಹಿಂದೆ ಬೆರಳು ಹೋಗುವಷ್ಟು ಜಾಗ ಬಿಟ್ಟೆವು. ಧಾರವಾಡದ ಮಳೆಗಾಲದಲ್ಲಿ ಗೋಡೆಯ ತಂಪು ಮರಕ್ಕೆ ಇಳಿಯಬಾರದಲ್ಲವೇ. ಕಪಾಟಿನ ಮೈಗೆ ಕೆಮ್ಮಣ್ಣಿನ ಬಣ್ಣವನ್ನು ಕುಂಚದಿಂದಲೇ, ತೆಳುವಾಗಿ, ಎರಡು ಸಲ ಬಳಿದೆವು. ಮಳೆಯ ಗಾಳಿಗೆ ಒಂದೊಂದು ಲೇಪ ಒಣಗಲು ಎರಡೆರಡು ದಿನ ಹಿಡಿಯಿತು. ಕೆಲಸ ನಿಜವಾಗಿಯೂ ಚೆನ್ನಾಗಿಯೇ ಆಯಿತು.

ಕೆಟ್ಟದ್ದು ಕದದ ವಿಷಯದಲ್ಲಿ. ನೆರೆಯ ಕೆಸರು ಕದಗಳ ಮೇಲೆ ಕಲ್ಲಾಗಿ ಕುಳಿತಿತ್ತು, ಹಳೆಯ ವಾರ್ನಿಷು ಕಪ್ಪಾಗಿತ್ತು. ಮಗ ಸುತ್ತಲಿನ ಚೌಕಟ್ಟನ್ನಷ್ಟೇ ಸ್ಯಾಂಡರಿನಿಂದ ಉಜ್ಜಿ ನಿಲ್ಲಿಸಿದ್ದನು. ಒಳಗಿನ ಹಲಗೆಯನ್ನೂ ಸ್ವಲ್ಪ ಸ್ವಚ್ಛ ಮಾಡೆಂದು ಹೇಳಿದವರು ನಾವು. 80 ನಂಬರಿನ ಒರಟು ಕಾಗದ ಯಂತ್ರದಲ್ಲಿ ಹಾಗೆಯೇ ಇತ್ತು. ಬಲಗಡೆಯ ಕದದ ಮೇಲೆ ಅವನು ಅದನ್ನು ಒಂದು ಸಲ ಆಡಿಸಿದನಷ್ಟೇ. ಬಿಳಿಯ ಪುಡಿ ಮೋಡದಂತೆ ಎದ್ದಿತು. ಯಂತ್ರ ನಿಲ್ಲಿಸಿ ನೋಡಿದರೆ ಗಿಳಿಯ ತಲೆ, ಕೊಕ್ಕು, ಎದುರಿನ ಬಳ್ಳಿ ಯಾವುದೂ ಇರಲಿಲ್ಲ. ತೇಗಿನ ಹೊನ್ನಿನ ಬಣ್ಣದ ಮೈ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು. ಮಗ ಸ್ಯಾಂಡರಿನ ವೈರನ್ನು ಕಿತ್ತು ಸುತ್ತಿಟ್ಟವನು ಆಮೇಲೆ ಬಹಳ ದಿನ ಅದನ್ನು ಮುಟ್ಟಲಿಲ್ಲ.

ತಾಯಿಯವರಿಗೆ ನಾವು ಹೇಳಲಿಲ್ಲ. ತಕ್ಕ ಬಿಜಾಗರಿ ಸಿಕ್ಕಿಲ್ಲ ಎಂದೆವು. ಅಂಗಡಿ ಮುಚ್ಚಿದೆ ಎಂದೆವು. ಕದಗಳನ್ನು ಮಂಚದ ಹಿಂದೆ ಗೋಡೆಗೆ ಒರಗಿಸಿ ಬಟ್ಟೆ ಹೊದಿಸಿದೆವು. ಹೊಸ ಕಪಾಟಿನ ನಡುವಿನ ಮಾಡಕ್ಕೆ ಒಂದು ಪರದೆ ಕಟ್ಟಿದೆವು. ತಾಯಿಯವರು ಮೊದಮೊದಲು ಕದ ಯಾವಾಗ ಹಚ್ಚುವಿರೆಂದು ಕೇಳುತ್ತಿದ್ದರು. ಶ್ರಾವಣದ ನಂತರ ಕೇಳುವುದನ್ನು ಬಿಟ್ಟರು. ಮರೆತರೆಂದು ನಾವು ಸಮಾಧಾನ ಮಾಡಿಕೊಂಡೆವು. ದಿನವೂ ವಿಭೂತಿ ಧರಿಸಿ ಸತ್ಯದ ಮಾತನಾಡುವ ನಮ್ಮಂಥವರಿಗೆ ಇಂಥ ಸಮಾಧಾನಗಳು ಸುಲಭವಾಗಿ ದೊರೆಯುತ್ತವೆ.

ದಾರಿ ಹುಡುಕುತ್ತ ಮೊದಲು ಕಲಘಟಗಿಗೆ ಹೋಗಿಬಂದೆವು. ನಮ್ಮ ಭಾಗದಲ್ಲಿ ಕೈಯಿಂದ ಬರೆದ ಮರದ ಕೆಲಸವೆಂದರೆ ಕಲಘಟಗಿಯ ತೊಟ್ಟಿಲುಗಳೇ ಮೊದಲು ನೆನಪಿಗೆ ಬರುವುದು. ತೊಟ್ಟಿಲಿನ ಪಟ್ಟಿಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಕಥೆಗಳು ಅರಗಿನ ಬಣ್ಣದಲ್ಲಿ ಕನ್ನಡಿಯಂತೆ ಹೊಳೆಯುತ್ತವೆ. ಆದರೆ ಆ ಬಣ್ಣ ಮರದ ಮೈಗೆ ಸಮನಾಗಿ ಕೂಡುವಂಥದು. ಅಲ್ಲಿಯ ಕುಶಲಿಗಳೊಬ್ಬರು ಎಡಗಡೆಯ ಕದವನ್ನು ಸವರಿ ನೋಡಿ, ಈ ಉಬ್ಬು ಕೆಲಸ ತಮ್ಮದಲ್ಲ, ಕಿನ್ನಾಳಕ್ಕೇ ಹೋಗಬೇಕು ಎಂದು ಪ್ರಾಮಾಣಿಕವಾಗಿ ಹೇಳಿದರು. ಮರು ವರ್ಷ ಬೇನೆಯ ಎರಡನೆಯ ಅಲೆ ಬಂದು ಪ್ರಯಾಣ ಮತ್ತೆ ಹಿಂದೆ ಬಿದ್ದಿತು.

2021ರ ದೀಪಾವಳಿ ಕಳೆದ ಮೇಲೆ ಒಂದು ನಸುಕಿನಲ್ಲಿ, ಎರಡೂ ಕದಗಳನ್ನು ಕೌದಿಯಲ್ಲಿ ಸುತ್ತಿ ಕಾರಿನಲ್ಲಿ ಮಲಗಿಸಿಕೊಂಡು ಹೊರಟೆವು. ಕೊಪ್ಪಳದ ಗವಿಮಠಕ್ಕೆ ಹೋಗುತ್ತೇವೆಂದು ಮಾತ್ರ ಹೇಳಿದ್ದೆವು. ತಾಯಿಯವರು ತಾವೂ ಬರುತ್ತೇನೆಂದರು. ಬೇಡವೆನ್ನುವುದು ಹೇಗೆ?

ಹುಬ್ಬಳ್ಳಿ ದಾಟಿ ಅಣ್ಣಿಗೇರಿಯ ಕರಿ ನೆಲಕ್ಕೆ ಬಂದಾಗ ಹೊಲಗಳಲ್ಲಿ ಬಿಳಿಜೋಳ ಮೊಣಕಾಲೆತ್ತರ ಬೆಳೆದಿತ್ತು. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮದ ಮುಂದೆ ಕಾರು ನಿಲ್ಲಿಸಲು ತಾಯಿಯವರೇ ಹೇಳಿದರು. ಸ್ವತಃ ಅಂಧರಾಗಿದ್ದು ನಾಡಿಗೆ ಸಂಗೀತದ ಬೆಳಕು ಹಂಚಿ 1944ರಲ್ಲಿ ಲಿಂಗೈಕ್ಯರಾದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾಗಿ ಆ ಆಶ್ರಮವನ್ನು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳು ಇವರಿಬ್ಬರ ಹೆಸರು ಕೇಳದ ಶರಣ ಕುಟುಂಬ ನಮ್ಮ ನಾಡಿನಲ್ಲಿಲ್ಲ. ಒಳಗೆ ಯಾರೋ ಹುಡುಗ ತಬಲಾ ಸಾಧನೆ ಮಾಡುತ್ತಿದ್ದನು. ಒಂದೇ ಬೋಲು, ಮತ್ತೆ ಮತ್ತೆ. ತಾಯಿಯವರು ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಕೇಳಿದರು. "ಕೈಗೆ ರೂಢಿ ಆಗೂತನಕ ಬಿಡಾಂಗಿಲ್ಲ ನೋಡು" ಎಂದು ಮೊಮ್ಮಗನಿಗೆ ಹೇಳಿದರು. ಅವನು ತಲೆ ತಗ್ಗಿಸಿದನು.

ಲಕ್ಕುಂಡಿ ದಾರಿಯಲ್ಲಿಯೇ ಇದೆ. ಕಾಶಿವಿಶ್ವನಾಥ ದೇವಾಲಯದ ಕಂಬಗಳನ್ನು ಮುಟ್ಟಿದರೆ ಗಾಜಿನಂತೆ ನುಣುಪು; ಚರಕಿಗೆ ಹಿಡಿದು ತಿರುಗಿಸಿ ಕಡೆದ ಕಂಬಗಳವು. ಸುಮಾರು ಒಂಬತ್ತು ನೂರು ವರ್ಷಗಳ ಹಿಂದಿನ ಶಿಲ್ಪಿಗಳೂ ತಿರುಗುವ ಯಂತ್ರ ಬಲ್ಲವರಾಗಿದ್ದರು. ಅದೇ ಗುಡಿಯ ಬಾಗಿಲುವಾಡದ ಕುಸುರಿಗೆ ಮಾತ್ರ ಅವರು ಉಳಿಯನ್ನೇ ಹಿಡಿದರು. ಎಲ್ಲಿ ತಿರುಗಿಸಬೇಕು, ಎಲ್ಲಿ ಕೆತ್ತಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾವು ಅಲ್ಲಿ ಹತ್ತು ನಿಮಿಷ ನಿಂತು ಮುಂದೆ ಸಾಗಿದೆವು.

ಕೊಪ್ಪಳದಿಂದ ಕಿನ್ನಾಳಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರು. ಬಂಡೆಗಳ ಗುಡ್ಡ, ನಡುನಡುವೆ ಹೊಲ. ಊರು ದೊಡ್ಡದೇ. ಹಿಂದೆ ನೇಕಾರಿಕೆಗೂ ಹೆಸರಾದ ಊರಿದು. ಚಿತ್ರಗಾರರ ಮನೆಗಳನ್ನು ಯಾರೂ ತೋರಿಸಬೇಕಾಗಿಲ್ಲ. ಅಂಗಳದಲ್ಲಿ ಬಿಸಿಲಿಗೆ ಒಣಗಲಿಟ್ಟ ಬಿಳಿಯ ಗೊಂಬೆಗಳು, ಇನ್ನೂ ಕಣ್ಣು ಬರೆಯದ ಗೌರಿಯರು, ಒಂಟಿ ಕಾಲಿನ ಗರುಡ ಇವೇ ದಾರಿ ಹೇಳುತ್ತವೆ. ವಿಜಯನಗರದ ಕಾಲದಲ್ಲಿ ಅರಸರ ಆಶ್ರಯ ಪಡೆದ ಮನೆತನಗಳಿವು; ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯ ಚಿತ್ರಗಳೂ ಅಲ್ಲಿಯ ಮರದ ತೇರಿನ ಕೆಲಸವೂ ಇವರ ಪೂರ್ವಜರದೆಂಬ ಪ್ರತೀತಿಯಿದೆ. ಪಲ್ಲಕ್ಕಿ, ತೇರಿನ ಬೊಂಬೆ, ಹೋಳಿಯ ಕಾಮ ರತಿಯರು, ಗ್ರಾಮದೇವತೆಯ ಮುಖವಾಡ ಎಲ್ಲವೂ ಇವರ ಕೈಯಿಂದ ಹೊರಟು ಸುತ್ತಲಿನ ಜಿಲ್ಲೆಗಳಿಗೆ ಹೋಗಿವೆ. ಸರಕಾರದಿಂದ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಈ ಗೊಂಬೆಗಳಿಗೆ ದೊರೆತಿದೆ.

ನಾವು ಹೋದ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿರಬೇಕು. ಮಗ ಕೆತ್ತುತ್ತಿದ್ದನು, ಸೊಸೆ ಒಲೆಯ ಮೇಲೆ ಹುಣಸೆಬೀಜದ ಅಂಟನ್ನು ಕುದಿಸುತ್ತಿದ್ದಳು. ಆ ಅಂಟೇ ಈ ಕಲೆಯ ಜೀವ. ಹುಣಸೆಬೀಜವನ್ನು ನೆನೆಹಾಕಿ, ಅರೆದು, ಕುದಿಸಿ ಸರಿ ಮಾಡುತ್ತಾರೆ. ಸೆಣಬಿನ ಗೋಣಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟಿನೊಡನೆ ಈ ಸರಿಯಲ್ಲಿ ಕಲಸಿದರೆ ಕಿಟ್ಟವೆಂಬ ಮುದ್ದೆಯಾಗುತ್ತದೆ. ಪೊಳಕಿ ಎಂಬ ಹಗುರ ಮರದಲ್ಲಿ ಕೆತ್ತಿದ ಕೈಕಾಲುಗಳನ್ನು ಜೋಡಿಸಿ ಸಂದುಗಳಿಗೆ ಈ ಕಿಟ್ಟ ತುಂಬುತ್ತಾರೆ. ಮೇಲೆ ಹತ್ತಿಬಟ್ಟೆಯ ತುಂಡುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಅದರ ಮೇಲೆ ಹರಳುಗಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು ಬಿಳಿಯ ಹಾಸು ಮಾಡುತ್ತಾರೆ. ಒಡವೆ, ಕಿರೀಟದ ಉಬ್ಬು ಕೆಲಸವೂ ಅದೇ ಕಲ್ಲಿನ ಪುಡಿಯ ಸರಿಯಿಂದಲೇ. ಕುಂಚದ ತುದಿಯಿಂದ ಹನಿಹನಿಯಾಗಿ ಇಟ್ಟು, ಒಣಗಿದ ಮೇಲೆ ಮತ್ತೊಂದು ಪದರ ಇಟ್ಟು ಏರಿಸುತ್ತಾರೆ. ಬಣ್ಣ ಬರುವುದು ಎಲ್ಲಕ್ಕೂ ಕೊನೆಗೆ. ಹಿಂದೆ ಕಲ್ಲು, ಎಲೆಗಳಿಂದ ಬಣ್ಣ ಮಾಡುತ್ತಿದ್ದರು. ಈಗ ಪೇಟೆಯ ಡಬ್ಬಿಗಳೇ ಹೆಚ್ಚು. ಅದನ್ನು ಅವರು ಮುಚ್ಚಿಡಲಿಲ್ಲ.

ಕೌದಿ ಬಿಚ್ಚಿ ಕದಗಳನ್ನು ಜಗಲಿಯ ಮೇಲಿಟ್ಟೆವು. ತಾಯಿಯವರು ಕಾರಿನಲ್ಲಿಯೇ ಕುಳಿತಿರಲೆಂದು ನಮ್ಮ ಎಣಿಕೆಯಿತ್ತು. ಹಿರಿಯರು ಎಡಗಡೆಯ ಕದವನ್ನು ಬಿಸಿಲಿಗೆ ಓರೆ ಹಿಡಿದು ನೋಡಿ, "ನಮ್ಮವರದ ಕೆಲಸ" ಎಂದರು. ಬಲಗಡೆಯದನ್ನು ನೋಡಿ ಏನೂ ಅನ್ನಲಿಲ್ಲ. ಮಗ ತಾನೇ ಮುಂದೆ ಬಂದು, ಯಂತ್ರದಿಂದ ತಪ್ಪಾಯಿತೆಂದು ಹೇಳಿದನು.

"ಮಶೀನ್ ನಮ್ಮಲ್ಲೂ ಅದಾವ ತಮ್ಮಾ" ಎಂದರು ಹಿರಿಯರು. "ಡ್ರಿಲ್ ಇಲ್ಲದ ಈಗ ಯಾರ ಕೈಲೆ ತೂತು ಹೊಡೀತಾರ? ಆದರ ಬಣ್ಣದ ಮ್ಯಾಲ ಅದನ್ನ ಬಿಡಬಾರದಿತ್ತು. ಒದ್ದಿ ಅರಿವಿಲೆ ಕೆಸರು ನೆನಸಿದ್ರ ಸಾಕಾಗಿತ್ತು."

ಎರಡೂ ಕದಗಳನ್ನು ಒಂದೇ ಸಮನಾಗಿ ಹೊಸದಾಗಿ ಬರೆದುಕೊಡಿರೆಂದು ನಾವು ಕೇಳಿದೆವು. ಅವರು ಒಪ್ಪಲಿಲ್ಲ. ಎಡಗಡೆಯ ಗಿಳಿ ನೂರು ವರ್ಷದ್ದಿರಬಹುದು, ಅದರ ಮೇಲೆ ತಾನು ಕುಂಚ ಇಡುವುದಿಲ್ಲ; ಹೋದದ್ದನ್ನಷ್ಟೇ ಮಾಡಿಕೊಡುತ್ತೇನೆ, ಒಂದು ಹಳೆಯದು ಒಂದು ಹೊಸದು ಎಂದು ಕಾಣುತ್ತದೆ, ಕಾಣಲಿ ಎಂದರು. ಹೋದದ್ದು ಹೇಗಿತ್ತೆಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಎಡಗಡೆಯದರಂತೆಯೇ ಇತ್ತೆಂದು ಹೇಳಿದೆವು. ಮನೆಯಲ್ಲಿದ್ದ ಒಂದೇ ಒಂದು ಫೋಟೋ ಅಕ್ಕನ ಮದುವೆಯದು. ಅದರಲ್ಲಿ ಆ ಗಿಳಿಯ ಮುಂದೆ ಸೋದರಮಾವನವರ ರುಮಾಲು ಅಡ್ಡ ಬಂದಿದೆ.

ಆಗ ಹಿಂದಿನಿಂದ ತಾಯಿಯವರ ಧ್ವನಿ ಕೇಳಿತು. ಕಾರಿನ ಬಾಗಿಲು ಹಿಡಿದು ಇಳಿದು, ಮಾತಿನ ಸದ್ದಿನ ಮೇಲೆ ಜಗಲಿಯವರೆಗೆ ಬಂದಿದ್ದರು.

"ಒಂದೇ ನಮೂನಿ ಇರಲಿಲ್ಲಪ್ಪಾ. ಆ ಕಡೀ ಗಿಳಿ ಬಾಯಾಗ ತಾವರಿ ಮೊಗ್ಗು. ಈ ಕಡೀ ಗಿಳಿ ಬಾಯಾಗ ಜ್ವಾಳದ ತೆನಿ."

ಹುಟ್ಟಿದಂದಿನಿಂದ ಆ ಕದಗಳನ್ನು ನೋಡಿದ ನಮಗೆ ಅದು ಗೊತ್ತಿರಲಿಲ್ಲ. ಹಿರಿಯರು ಎದ್ದು ಅವರ ಕೈ ಹಿಡಿದು ಕದದ ಮುಂದೆ ಕೂಡಿಸಿದರು. "ಹೇಳ್ರಿ ಅವ್ವಾರ, ನಾ ಬರಕೋತೀನಿ" ಎಂದು ಸೀಮೆಸುಣ್ಣ ತೆಗೆದುಕೊಂಡರು. ತಾಯಿಯವರು ಎಡಗೈಯನ್ನು ಉಳಿದ ಗಿಳಿಯ ಮೇಲಿಟ್ಟುಕೊಂಡು, ಬಲಗೈ ಬೆರಳನ್ನು ನುಣುಪಾದ ತೇಗಿನ ಮೇಲೆ ಆಡಿಸುತ್ತ ಹೇಳತೊಡಗಿದರು. ಕೊಕ್ಕು ಇಲ್ಲಿಗೆ ಬರುತ್ತಿತ್ತು. ತೆನೆ ಕೆಳಗೆ ಬಾಗಿತ್ತು. ದಂಟಿನ ಹತ್ತಿರ ಒಂದು ಎಲೆ ಮುರಿದ ಹಾಗೆ ಮಡಚಿತ್ತು. ಅವರ ಬೆರಳು ಹೋದಲ್ಲಿ ಸೀಮೆಸುಣ್ಣ ಹೋಯಿತು. ನಡುವೆ ಒಮ್ಮೆ "ಹಾಂಗಲ್ಲ, ಸ್ವಲ್ಪ ಮ್ಯಾಲ" ಎಂದು ತಿದ್ದಿದರು. ಕಣ್ಣಿಲ್ಲದವರಿಗೆ ಗೆರೆ ತಪ್ಪಿದ್ದು ಹೇಗೆ ತಿಳಿಯಿತೋ! ಸೀಮೆಸುಣ್ಣದ ಸದ್ದಿನಿಂದಿರಬೇಕು.

ಮೊಮ್ಮಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದನು. "ಅಜ್ಜಿ, ಹಾಳಾಗಿದ್ದು ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದನು.

ಅವರು ಉತ್ತರವನ್ನು ಚಿತ್ರಗಾರರಿಗೆ ಹೇಳಿದರು. "ಹೋದ ವರ್ಷ ಶ್ರಾವಣದಾಗ ಮಂಚದ ಹಿಂದ ಕೈಯಾಡಿಸಿದಾಗಲೇ ಗೊತ್ತಾತ್ರೀ. ಹುಡುಗ ಮನಸಿಗೆ ಹಚ್ಚಿಕೊಂಡಿದ್ದ. ಇವರೆಲ್ಲಾ ಬಿಜಾಗರಿ ಬಿಜಾಗರಿ ಅಂತಿದ್ರು. ಅನ್ಲಿ ಅಂತ ಸುಮ್ಮನಿದ್ದೆ."

ನಮಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮಗ ಅವರ ಮೊಣಕಾಲಿನ ಮೇಲೆ ತಲೆಯಿಟ್ಟನು. ಸೊಸೆ ಒಲೆಯ ಬಳಿಯಿಂದ ಎದ್ದು ಬಂದು ಎಲ್ಲರಿಗೂ ಚಹಾ ಕೊಟ್ಟಳು.

ಪದರ ಪದರವಾಗಿ ಒಣಗಬೇಕಾದ ಕೆಲಸವಾದ್ದರಿಂದ ಮೂರು ವಾರ ಬೇಕೆಂದರು. ಅವರು ಹೇಳಿದ ಕೂಲಿಗೆ ನಮ್ಮ ಬಾಯಿಂದ ಚೌಕಾಸಿಯ ಮಾತು ಹೊರಡಲಿತ್ತು. ಮಗ ನಮ್ಮತ್ತ ನೋಡಿದ ನೋಟಕ್ಕೆ ನಿಂತಿತು. ಪ್ಲೈವುಡ್ಡಿನ ಬಿಲ್ಲನ್ನು ಮಾತಿಲ್ಲದೆ ತೆತ್ತವರು ನಾವು. ಕುಂಚದ ಕೆಲಸಕ್ಕೆ ಬಂದಾಗ ಮಾತ್ರ ನಮ್ಮ ಕುಟುಂಬಗಳಿಗೆ ಸಂತೆಯ ನೆನಪಾಗುತ್ತದೆ. ಆ ಓಣಿಯ ಹುಡುಗರು ಬೇರೆ ದುಡಿಮೆಗೆ ಹೋಗುತ್ತಿದ್ದಾರೆಂದು ಹಿರಿಯರು ಹೇಳಿದ್ದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಮರಳುವಾಗ ಗವಿಮಠಕ್ಕೆ ನಿಜವಾಗಿಯೂ ಹೋದೆವು. ಬಂಡೆಗಳ ಮಡಿಲಿನಲ್ಲಿರುವ ಆ ಮಠದ ಜಾತ್ರೆ ಜನವರಿಯ ಸುಮಾರಿಗೆ ಬನದ ಹುಣ್ಣಿಮೆಯ ಬಳಿಕ ನಡೆಯುತ್ತದೆ. ಆಗಿನ ಜನಸಾಗರವನ್ನೂ ದಾಸೋಹವನ್ನೂ ಓದುಗರಲ್ಲಿ ಅನೇಕರು ಕಂಡಿರುವರು. ನಾವು ಹೋದ ದಿನ ಶಾಂತವಾಗಿತ್ತು. ಅದೇ ಬೆಟ್ಟದ ಬಂಡೆಯ ಮೇಲೆ ಅಶೋಕನ ಲಘು ಶಿಲಾಶಾಸನವಿದೆ. ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಆ ಬ್ರಾಹ್ಮೀ ಅಕ್ಷರಗಳ ಬಗ್ಗೆ ಮಗ ಅಜ್ಜಿಗೆ ವಿವರಿಸಿ ಹೇಳಿದನು. "ಕಲ್ಲಿನ ಮ್ಯಾಲ ಬರದದ್ದು ಒಳ್ಳೇದಾತು ಬಿಡು, ನಿನ್ನ ಮಶೀನಿಗೆ ಸಿಗಾಂಗಿಲ್ಲ" ಎಂದರು ತಾಯಿಯವರು. ಒಂದೂವರೆ ವರ್ಷದ ಮೇಲೆ ಅವನು ಮನಬಿಚ್ಚಿ ನಕ್ಕಿದ್ದನ್ನು ಅಂದು ಕಂಡೆವು.

ಮೂರು ವಾರ ಐದು ವಾರವಾಯಿತು. 2022ರ ಸಂಕ್ರಾಂತಿಯ ಮುಂಚೆ ಕದ ತಂದೆವು. ಹೊಸ ಗಿಳಿ ಹಸಿರಾಗಿ ಹೊಳೆಯುತ್ತಿತ್ತು, ಹಳೆಯದು ಪಾಚಿಯ ಬಣ್ಣಕ್ಕೆ ಇಳಿದಿತ್ತು. ಹಿರಿಯರು ಹೇಳಿದಂತೆ ಭೇದ ಕಂಡಿತು. ಮಗ ಚೌಕಟ್ಟನ್ನು ಮರಳು ಕಾಗದ ಹಿಡಿದು ಕೈಯಿಂದಲೇ ಉಜ್ಜಿ, ಬಿಜಾಗರಿಯ ತೂತುಗಳನ್ನು ಡ್ರಿಲ್ಲಿನಿಂದ ಕೊರೆದು, ಕದಗಳನ್ನು ಹಚ್ಚಿದನು. ಬಲಗಡೆಯದು ಸ್ವಲ್ಪ ಉಜ್ಜುತ್ತಿತ್ತು. ಬಿಜಾಗರಿಯ ಕೆಳಗೆ ರಟ್ಟಿನ ತುಂಡು ಕೊಟ್ಟ ಮೇಲೆ ಸರಿಹೋಯಿತು. ಪರದೆ ಬಿಚ್ಚಿ ಮಡಚಿಟ್ಟೆವು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದ ತಾಯಿಯವರು ಯಾರನ್ನೂ ಕರೆಯಲಿಲ್ಲ. ಗೋಡೆಗುಂಟ ಕೈಯಾಡಿಸುತ್ತ ಬಂದು ಗಿಳಿಯ ಹತ್ತಿರ ನಿಂತರು. ನಾವು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಬೆರಳು ಕೊಕ್ಕಿಗೆ ಬಂದಿತು, ತೆನೆಗೆ ಇಳಿಯಿತು, ಒಂದೊಂದೇ ಕಾಳಿನ ಮೇಲೆ ತಡೆಯುತ್ತ ಕೊನೆಯವರೆಗೆ ಹೋಯಿತು.

"ಹಳೇದರಾಗ ಒಂಬತ್ತ ಕಾಳಿದ್ದವು" ಎಂದರು. "ಇದರಾಗ ಹನ್ನೊಂದು ಅದಾವ. ಎರಡು ಹೆಚ್ಚಿಗಿ ಹಾಕ್ಯಾನ ಪುಣ್ಯಾತ್ಮ."

ಕದ ತೆರೆದು ವಿಭೂತಿಯ ಗಟ್ಟಿಯನ್ನು ತೆಗೆದುಕೊಂಡು, ಮತ್ತೆ ಮುಚ್ಚಿ, ಪೂಜೆಗೆ ಕುಳಿತರು.